ಮೊದಲು ಇಳಿಯಬೇಕಾದವನು

ಪಾಮನಕಲ್ಲೂರಿನ ಮುದುಕಪ್ಪ ಇಪ್ಪತ್ತಾರು ವರ್ಷ ಕುರಿಹಟ್ಟಿಯ ಯಜಮಾನನಾಗಿದ್ದ. ಈಗ ಅವನು ಯಜಮಾನನಲ್ಲ. ಅವನನ್ನು ಯಾರೂ ಇಳಿಸಲಿಲ್ಲ, ಯಾರೂ ಅವನ ಮೇಲೆ ದೂರು ಹೇಳಲಿಲ್ಲ. ಊರಲ್ಲಿ ಕೇಳಿದರೆ ಮೊಣಕಾಲು ನೋವು ಅನ್ನುತ್ತಾರೆ. ಮೊಣಕಾಲು ನೋವಿರುವುದು ನಿಜ. ಅರವತ್ತಮೂರು ವರ್ಷದ ಕುರಿಗಾರನಿಗೆ ಅದು ಇರದಿದ್ದರೆ ಆಶ್ಚರ್ಯಪಡಬೇಕು. ಆದರೆ ಅವನು ಹಟ್ಟಿ ಬಿಟ್ಟದ್ದು ಅದಕ್ಕಲ್ಲ. ಯಾಕೆ ಬಿಟ್ಟ ಎಂಬುದು ನನಗೆ ಗೊತ್ತು, ಅದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ. ಬರೆಯಲೇ ಎಂದು ಅವನನ್ನು ಕೇಳಿದೆ. "ಬರೀರಿ ಡಾಕ್ಟ್ರಮ್ಮಾರ, ಮುಚ್ಚಿಟ್ಟು ಏನ್ ಮಾಡೂದೈತಿ" ಎಂದ. ಅವನ ಹಟ್ಟಿಯಲ್ಲೇ ಇದ್ದ ಮಲೀಕಸಾಬನನ್ನೂ ಕೇಳಿದೆ. ಅವನು ಬೇಡ ಎನ್ನಲಿಲ್ಲ.

ನಾನು ಪಶುವೈದ್ಯೆ. ಲಿಂಗಸುಗೂರಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ನಿವೃತ್ತಳಾದ ಮೇಲೂ ಅಲ್ಲೇ ಉಳಿದೆ. ಸುತ್ತಲಿನ ಕುರಿಗಾರರಲ್ಲಿ ನನ್ನ ಫೋನ್ ನಂಬರ್ ಇಲ್ಲದವರು ಕಡಿಮೆ.

ಮುದುಕಪ್ಪನ ಊರಿನ ಕಡೆ ನೆಲ ಒಣ. ದೀಪಾವಳಿ ಮುಗಿದ ಮೇಲೆ ಐದಾರು ಮನೆಯವರು ತಮ್ಮ ಕುರಿಗಳನ್ನು ಕೂಡಿಸಿಕೊಂಡು ಮಸ್ಕಿ ದಾಟಿ ಸಿಂಧನೂರಿನ ಕಾಲುವೆ ಸೀಮೆಗೆ ಹೋಗುತ್ತಾರೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಮೇಯಿಸುತ್ತಾರೆ. ರಾತ್ರಿ ಅದೇ ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರೆ, ಅಂದರೆ ಕೂಡಿಹಾಕುತ್ತಾರೆ; ಗೊಬ್ಬರ ಬಿದ್ದದ್ದಕ್ಕೆ ಗದ್ದೆಯವರು ಅಕ್ಕಿ ಕೊಡುತ್ತಾರೆ. ಮುಂಗಾರು ಹನಿಯುವ ಹೊತ್ತಿಗೆ ಮರಳಿ ಊರು. ಹೀಗೆ ಒಟ್ಟಿಗೆ ತಿರುಗುವ ಗುಂಪಿಗೆ ಹಟ್ಟಿ ಅನ್ನುತ್ತಾರೆ. ಹಗಲು ಅವರವರ ಕುರಿ ಅವರವರು ಮೇಯಿಸುವುದು, ರಾತ್ರಿ ಒಂದೇ ಬಲೆಯೊಳಗೆ ಹಾಕುವುದು.

ಹಟ್ಟಿಗೆ ಒಬ್ಬ ಯಜಮಾನ ಇರುತ್ತಾನೆ. ಅವನನ್ನು ಆರಿಸುವ ಸಭೆ ಯಾವುದೂ ಇಲ್ಲ. ಹೊರಡುವ ಬೆಳಿಗ್ಗೆ ಯಾರ ಕುರಿಗಳ ಹಿಂದೆ ಉಳಿದವರು ತಮ್ಮ ಕುರಿ ಬಿಡುತ್ತಾರೋ ಅವನೇ ಆ ವರ್ಷದ ಯಜಮಾನ. ಎಲ್ಲಿಗೆ ಹೋಗಬೇಕು, ಯಾರ ಗದ್ದೆಯಲ್ಲಿ ನಿಲ್ಲಬೇಕು, ಯಾವಾಗ ಬಿಡಾರ ಎತ್ತಬೇಕು ಎಲ್ಲ ಅವನ ಮಾತು. ಹೆಂಗಸರ ಜಗಳವೂ ಅವನ ತಲೆಗೇ. ಇಷ್ಟು ಅಧಿಕಾರಕ್ಕೆ ಬದಲು ಅವನ ಮೇಲೆ ಒಂದೇ ಒಂದು ಕಟ್ಟು. ಗುರುತಿಲ್ಲದ ಹೊಲಕ್ಕೆ, ಗುರುತಿಲ್ಲದ ನೀರಿಗೆ ಯಜಮಾನನ ಕುರಿ ಮೊದಲು ಇಳಿಯಬೇಕು. ಒಂದು ಎಲೆಯಡಿಕೆ ಹಾಕಿಕೊಂಡು ಜಗಿದು ಉಗುಳುವವರೆಗೆ ಉಳಿದವರು ಬದುವಿನ ಮೇಲೆ ಕಾಯಬೇಕು. ಅಷ್ಟರಲ್ಲಿ ಏನೂ ಆಗದಿದ್ದರೆ ಎಲ್ಲರೂ ಇಳಿಯುವುದು. ಎರಡೇ ಎರಡು ಕುರಿ ಬಿಟ್ಟು ನೋಡಬಾರದೇ ಎಂದು ಓದಿದವರು ಕೇಳುತ್ತಾರೆ, ನಾನೂ ಕೇಳಿದ್ದೆ. ಆಗುವುದಿಲ್ಲ. ಒಂದು ಕುರಿ ಇಳಿದರೆ ಅದರ ಹಿಂಡೆಲ್ಲ ಇಳಿಯುತ್ತದೆ.

ನಾಯಕತ್ವದ ಬಗ್ಗೆ ಸರ್ಕಾರ ನನಗೆ ಮೂರು ಸಲ ತರಬೇತಿ ಕೊಡಿಸಿತು. ಗೋಡೆಯ ಮೇಲೆ ಬಣ್ಣದ ಚಿತ್ರಗಳು, ಮಧ್ಯಾಹ್ನ ಊಟ, ಕೊನೆಯ ದಿನ ಒಂದು ಪ್ರಮಾಣಪತ್ರ. ಮಾತಾಡಿದವರಲ್ಲಿ ಒಬ್ಬರೂ, ಅಪ್ಪಣೆ ಕೊಡುವವನ ಕುರಿ ಮೊದಲು ಇಳಿಯಬೇಕು ಎಂದು ಹೇಳಲಿಲ್ಲ. ಹೇಳಿದ್ದರೆ ನಮ್ಮಲ್ಲಿ ಅರ್ಧ ಜನ ಊಟಕ್ಕೂ ನಿಲ್ಲುತ್ತಿರಲಿಲ್ಲ.

ಮುದುಕಪ್ಪನನ್ನು ನಾನು ಮೊದಲು ನೋಡಿದ್ದು ಒಂದು ಲಸಿಕೆ ಶಿಬಿರದಲ್ಲಿ. ಅವನು ಯಜಮಾನನಾದ ಹೊಸದು. ಲಸಿಕೆ ಹಾಕಿಸಿದರೆ ಗಬ್ಬದ ಕುರಿ ಕಂದು ಹಾಕುತ್ತವೆ ಎಂಬ ಸುದ್ದಿ ಹಬ್ಬಿ, ಜನ ಕುರಿಗಳನ್ನು ಹಳ್ಳದ ಆಚೆ ಅಟ್ಟಿಬಿಟ್ಟಿದ್ದರು. ನಾನು ಗಂಟೆಗಟ್ಟಲೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಕುರಿ ತರಲಿಲ್ಲ. ಕೊನೆಗೆ ಒಬ್ಬ ಉದ್ದನೆಯ ಮನುಷ್ಯ ಎದ್ದುಹೋಗಿ ತನ್ನ ಹಿಂಡನ್ನು ಹೊಡೆದುಕೊಂಡು ಬಂದ.

"ಚುಚ್ಚರಿ ಡಾಕ್ಟ್ರಮ್ಮಾರ. ಸತ್ರ ನನವು ಸಾಯಲಿ, ಉಳಿದ್ರ ಎಲ್ಲಾರವೂ ಉಳೀಲಿ."

ಅವನ ಹೆಂಡತಿ ಕರೆಮ್ಮ ಹಿಂದೆ ನಿಂತಿದ್ದಳು. "ಸತ್ರ ಇವಗೇನಾಕ್ಕೈತ್ರಿ? ಅದರಾಗ ನನ್ನ ತವರಿನವು ಆರು ಕುರಿ ಅದಾವ. ಅವನ್ನ ಬಿಟ್ಟು ಚುಚ್ಚರಿ" ಎಂದಳು.

"ನಿನ್ನ ತವರಿನ ಕುರೀನ ಮೊದಲು" ಎಂದ ಮುದುಕಪ್ಪ. "ಅವು ನಿಮ್ಮಪ್ಪನಂಗ, ಏನಾದ್ರೂ ಸಾಯಂಗಿಲ್ಲ."

ಜನ ನಕ್ಕರು. ಸಂಜೆಯೊಳಗೆ ಆರುನೂರು ಕುರಿಗೆ ಲಸಿಕೆ ಹಾಕಿದೆ.

ಮಲೀಕಸಾಬ ಹಟ್ಟಿಗೆ ಬಂದದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ. ಅವನದು ಪಿಂಜಾರರ ಮನೆ. ಅವನ ತಂದೆ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಮಾಡಿಕೊಡುತ್ತಿದ್ದ. ಫೋಮಿನ ಹಾಸಿಗೆ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಮಲೀಕಸಾಬ ಇದ್ದ ತುಂಡು ನೆಲ ಮಾರಿ ಕುರಿ ಕೊಂಡ. ಹಟ್ಟಿಗೆ ಸೇರಿಸಿಕೊಳ್ಳಿ ಎಂದು ಬಂದಾಗ ಉಳಿದವರು ನಕ್ಕರಂತೆ.

"ಲೇ, ಹತ್ತಿ ಹಿಂಜಾಂವ ಕುರಿ ಹೆಂಗ ಕಾಯ್ತಿ? ಉಣ್ಣಿ ಹಿಂಜಿ ಗಾದಿ ಮಾಡತಿಯೇನು?"

"ಮಾಡತೀನಿ" ಎಂದನಂತೆ ಮಲೀಕಸಾಬ. "ಮೊದಲನೇ ಗಾದಿ ನಿಮಗ. ಹಗಲೆಲ್ಲಾ ಬದುವಿನ ಮ್ಯಾಲ ಮಲಗ್ತೀರಲ್ಲ, ಬೆನ್ನಿಗೆ ಒತ್ತಾಕತ್ತೈತೇನೋ."

ಮುದುಕಪ್ಪ ಮಾತ್ರ ನಗದೆ, "ನನ್ನ ಮಗ್ಗಲಿಗೆ ಮೇಯಿಸು. ಎರಡು ವರ್ಷ ನೋಡೂಣು" ಎಂದ. ಎರಡು ವರ್ಷ ಹದಿನೈದಾಯಿತು. ಮಲೀಕಸಾಬ ಕುರಿಯ ಕಾಲು ನೋಡಿ ರೋಗ ಹೇಳುವಷ್ಟು ಕಲಿತ. ಹಟ್ಟಿಯಲ್ಲಿ ಹಬ್ಬಕ್ಕೆ ಟಗರು ಕೊಯ್ಯುವವನು ಅವನೇ; ಎಲ್ಲರೂ ಅವನ ಕೈಯಲ್ಲಿ ಕೊಯ್ದದ್ದನ್ನೇ ಉಂಡರು. ಅವನ ಹೆಂಡತಿ ಹುಸೇನ್‌ಬೀ ಮತ್ತು ಕರೆಮ್ಮ ಒಂದೇ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದರು. ಮಲೀಕಸಾಬ ಮುದುಕಪ್ಪನನ್ನು ಅಣ್ಣ ಎನ್ನುತ್ತಿದ್ದ, ಮುದುಕಪ್ಪನೂ ಅಣ್ಣನ ಹಾಗೆಯೇ ಅವನನ್ನು ಬೈಯುತ್ತಿದ್ದ.

ಇನ್ನು ಆ ದಿನದ ವಿಷಯ.

ಅದು ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡದ ವರ್ಷ. ಭತ್ತದ ಗದ್ದೆಗಳೆಲ್ಲ ಖಾಲಿ ಇದ್ದುದರಿಂದ ಎಲ್ಲೆಲ್ಲಿಂದಲೋ ಹಟ್ಟಿಗಳು ಬಂದು ಮೇಯಿಸಿ ಮುಗಿಸಿದ್ದವು. ಸಂಕ್ರಮಣವಾಗಿ ಹತ್ತು ದಿನಕ್ಕೆ ಮುದುಕಪ್ಪನ ಹಟ್ಟಿ ಸಾಲಗುಂದದ ಹತ್ತಿರ ಬಂದಾಗ, ಗೊತ್ತು ಮಾಡಿದ್ದ ಗದ್ದೆಯಲ್ಲಿ ಒಂದು ಕಡ್ಡಿ ಉಳಿದಿರಲಿಲ್ಲ. ಕುರಿಗಳು ಎರಡು ದಿನದಿಂದ ಅರೆಹೊಟ್ಟೆಯಲ್ಲಿ ನಡೆದಿದ್ದವು. ಆಗ ಸಿದ್ದರಾಮೇಶ ಎಂಬ ರೈತ ತಾನಾಗಿಯೇ ಕರೆದ.

"ಮೂರು ಎಕರೆ ಜೋಳ ಹಾಕಿದ್ನಿ. ನೀರಿಲ್ದ ಮೊಣಕಾಲಮಟ ಬಂದು ನಿಂತೈತಿ. ಹೆಂಗೂ ಹರಗಿ ತೆಗೀತೀನಿ. ನಿಮ್ಮ ಕುರಿ ಮೇಯಿಸ್ರಿ, ನಾಕು ದಿನ ಇಲ್ಲೇ ತರುಬ್ರಿ."

ಅವನಲ್ಲಿ ಮೋಸವಿರಲಿಲ್ಲ. ಅವನು ಕಾಲುವೆ ಬಂದ ಮೇಲೆ ಹುಟ್ಟಿದವನು. ಅಜ್ಜನ ಕಾಲದಿಂದ ಆ ವರ್ಷದವರೆಗೆ ಅವರ ಮನೆಯಲ್ಲಿ ಭತ್ತ ಬಿಟ್ಟು ಬೇರೆ ಬೆಳೆದದ್ದಿಲ್ಲ. ನೀರಿಲ್ಲದೆ ಮುರುಟಿದ ಎಳೆಯ ಜೋಳ, ಅದರಲ್ಲೂ ಒಂದು ಅಕಾಲದ ಹನಿ ಬಿದ್ದು ಮತ್ತೆ ಚಿಗುರಿದ ಜೋಳ, ದನ ಕುರಿಗೆ ವಿಷ ಎಂಬುದು ಅವನಿಗೆ ಗೊತ್ತಿರಲಿಲ್ಲ. ಎಲ್ಲ ಹೊಲದಲ್ಲೂ, ಎಲ್ಲ ಸಲವೂ ವಿಷವಾಗುವುದಿಲ್ಲ, ಅದೇ ತೊಡಕು. ಮುದುಕಪ್ಪನಂಥ ಒಣಸೀಮೆಯವರಿಗೆ ಇದು ಗೊತ್ತು. ಅವರು ಒಂದು ಚಿಗುರು ಮುರಿದು, ಜಗಿದು ನೋಡುತ್ತಾರೆ. ಕಹಿಯಿದ್ದರೆ ಬಿಡುತ್ತಾರೆ. ಅನುಮಾನವಿದ್ದರೆ ಯಜಮಾನನ ಕುರಿ ಮೊದಲು ಇಳಿಯುತ್ತದೆ.

ಮುದುಕಪ್ಪ ಹೊಲದ ಒಂದು ಮೂಲೆಗೆ ಹೋಗಿ ಚಿಗುರು ಮುರಿದ, ಜಗಿದ, ಉಗುಳಿದ. ಇನ್ನೊಂದು ಮೂಲೆಗೆ ಹೋಗಿ ಹಾಗೆಯೇ ಮಾಡಿದ. ಒಂದು ಕಡೆ ಸಪ್ಪೆ, ಒಂದು ಕಡೆ ಸ್ವಲ್ಪ ಕಹಿ. ನಂತರ ನನ್ನೆದುರು ಕೂತು ಹೇಳುವಾಗ ಅವನು "ಸ್ವಲ್ಪ" ಎಂಬ ಮಾತನ್ನು ಎರಡು ಸಲ ಹೇಳಿ, ಆಮೇಲೆ ತಾನೇ ತಿದ್ದಿಕೊಂಡ: "ಸ್ವಲ್ಪಲ್ಲ. ಕಹಿ ಇತ್ತು."

ಬದುವಿನ ಮೇಲೆ ನಾನೂರು ಕುರಿಗಳು ಹಸಿರು ಕಂಡು ನುಗ್ಗಲು ನೋಡುತ್ತಿದ್ದವು. ಹೆಂಗಸರು ಬಲೆ ಎಳೆದು ಅಡ್ಡ ನಿಂತಿದ್ದರು. ಮುದುಕಪ್ಪನ ಹಿಂಡಿನಲ್ಲಿ ಮೂವತ್ತು ಕುರಿ ತುಂಬಿದ ಗಬ್ಬ, ಹತ್ತು ಹದಿನೈದು ದಿನದಲ್ಲಿ ಈಯುವಂಥವು. ಹಿಂದಿನ ವರ್ಷ ನೀಲಿನಾಲಿಗೆ ರೋಗ ಬಂದು ಅವನ ಅರ್ಧ ಹಿಂಡು ಹೋಗಿತ್ತು. ಅದಾದ ಮೇಲೆ ಬರುವ ಮೊದಲ ಮರಿಗಳು ಇವು.

ಮಲೀಕಸಾಬ ಹತ್ತಿರ ಬಂದ. "ಅಣ್ಣಾ, ನಿನ್ನವು ತುಂಬಿದ ಬಸರಿ ಅದಾವ. ಇವತ್ತು ನನವು ಮುಂದ ಇಳೀತಾವ ಬಿಡು."

ಮುದುಕಪ್ಪ ಅವನ ಮುಖ ನೋಡಿದ.

"ಏನ್ ನೋಡ್ತಿ? ಇಪ್ಪತ್ತೈದು ವರ್ಷ ನೀನ ಮೊದಲು ಉಂಡಿ. ಒಂದು ದಿನ ನಮಗೂ ಬಿಸಿ ರೊಟ್ಟಿ ಸಿಗಲಿ."

ಸುತ್ತಲಿದ್ದವರು ನಕ್ಕರು. ಮುದುಕಪ್ಪ ಬೇಡ ಎನ್ನಬಹುದಿತ್ತು. ಹೂಂ ಎನ್ನಲೂ ಬಹುದಿತ್ತು. ಅವನು ಎರಡೂ ಮಾಡಲಿಲ್ಲ. ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದು, ಅದರ ದಾರ ಬಿಚ್ಚುತ್ತ ಕೂತ. ಹೆಂಗಸರು ಅದನ್ನೇ ಅಪ್ಪಣೆ ಎಂದುಕೊಂಡು ಮಲೀಕಸಾಬನ ಕಡೆಯ ಬಲೆ ಸರಿಸಿದರು. ನಲವತ್ತನಾಲ್ಕು ಕುರಿ ಹೊಲಕ್ಕೆ ಇಳಿದವು.

ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಏನೂ ಆಗಲಿಲ್ಲ. ಬಾಯಲ್ಲಿ ಹಾಕಿ ಜಗಿಯುವಾಗ ಒಂದು ಕುರಿ ಮುಗ್ಗರಿಸಿತು. ಕಲ್ಲು ತಾಗಿತೇನೋ ಎಂದುಕೊಂಡರು. ಆಮೇಲೆ ಅದು ಏಳಲಿಲ್ಲ. ಮತ್ತೊಂದು ಬಾಯಿ ತೆರೆದು ಉಸಿರಿಗೆ ಒದ್ದಾಡಿತು. ಮುದುಕಪ್ಪ ಎದ್ದು ಓಡಿದ. ಬರಿಗೈಯಲ್ಲಿ, ಕಿವಿ ಹಿಡಿದು, ಬಾಲ ಹಿಡಿದು, ಹೆಗಲ ಮೇಲೆ ಹಾಕಿಕೊಂಡು ಕುರಿಗಳನ್ನು ಹೊರಗೆ ಎಳೆದು ಹಾಕಿದ. ಅವನ ತಂಗಿಯ ಮಗ ಕನಕರಾಜ, ಅವನೂ ಅದೇ ಹಟ್ಟಿಯವನು, ನನಗೆ ಫೋನ್ ಮಾಡಿದ.

"ಡಾಕ್ಟ್ರಮ್ಮಾರ, ಕುರಿ ಬೀಳಾಕತ್ತಾವ್ರಿ. ಒಂದರ ಹಿಂದ ಒಂದು."

"ಏನ್ ಮೇದಾವ?"

"ಜೋಳ."

ಮುಂದೆ ಕೇಳುವಂಥದೇನೂ ಇರಲಿಲ್ಲ. ನೀರು ಕುಡಿಸಬೇಡ ಎಂದೆ. ಹೈಪೋ ತರಿಸು ಎಂದೆ. ಈ ವಿಷಕ್ಕೆ ಹೈಪೋ ಮದ್ದು. ನಾನು ಕೆಲಸಕ್ಕಿದ್ದ ಕಾಲದಲ್ಲಿ ಅದು ಯಾವ ಫೋಟೋ ಸ್ಟುಡಿಯೋದಲ್ಲೂ ಸಿಗುತ್ತಿತ್ತು. ಫೋಟೋ ತೊಳೆಯಲು ಅದನ್ನೇ ಬಳಸುತ್ತಿದ್ದರು. ಹಳ್ಳಿಯವರಿಗೆಲ್ಲ ನಾನು ಅದನ್ನೇ ಹೇಳಿಕೊಟ್ಟಿದ್ದೆ. ಕನಕರಾಜ ಬೈಕ್ ಹತ್ತಿ ಸಿಂಧನೂರಿಗೆ ಹೋಗಿ ಮೂರು ಸ್ಟುಡಿಯೋ ಹುಡುಕಿದ. "ಹೈಪೋ ಅಂದ್ರ ಏನ್ರಿ? ಈಗ ಎಲ್ಲಾ ಕಂಪ್ಯೂಟರ್" ಎಂದರಂತೆ. ಹದಿನೈದು ವರ್ಷದಿಂದ ಯಾರೂ ಫೋಟೋ ತೊಳೆಯುತ್ತಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಸಿದ್ದರಾಮೇಶ ಫೋನ್ ಮಾಡಿ ಕರೆಸಿದ್ದ ಒಬ್ಬ ತರುಣ ಡಾಕ್ಟರು ಚುಚ್ಚುಮದ್ದು ಹಿಡಿದು ಬಂದರು. ಅವರು ಹದಿಮೂರು ಕುರಿ ಉಳಿಸಿದರು. ಮೂವತ್ತೊಂದು ಸತ್ತವು.

ನಾನು ಬಸ್ಸು ಬದಲಿಸಿ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಸಿದ್ದರಾಮೇಶ ತಾನೇ ಜೆಸಿಬಿ ತರಿಸಿ ಕಾಲುವೆ ಏರಿಯ ಪಕ್ಕ ಗುಂಡಿ ತೋಡಿಸುತ್ತಿದ್ದ. "ನನಗ ಗೊತ್ತಿದ್ರ ಬೆಂಕಿ ಹಚ್ತಿದ್ನ್ರಿ ಅದಕ್ಕ, ಕರೀತಿರಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕೆಂಗುರಿಗಳು ಸಾಲಾಗಿ ಬಿದ್ದಿದ್ದವು. ಒಂದನ್ನು ಕೊಯ್ದು ನೋಡಿದೆ. ರಕ್ತ ಬೇಕಾದ್ದಕ್ಕಿಂತ ಕೆಂಪಗಿತ್ತು. ಅನುಮಾನವಿರಲಿಲ್ಲ.

ಮಲೀಕಸಾಬ ಗುಂಡಿಯ ದಂಡೆಯಲ್ಲಿ ಕೂತಿದ್ದ. ಮುದುಕಪ್ಪ ಅವನ ಎದುರು ನಿಂತಿದ್ದ, ಕೈ ಜೋಳದ ಗರಿ ತಾಗಿ ಗೀರಿತ್ತು.

"ಕೂಡು ಅಣ್ಣಾ" ಎಂದ ಮಲೀಕಸಾಬ. "ನನ್ನ ನಸೀಬ. ನಿನ್ನವು ಇಳಿದಿದ್ರ ನಿನ್ನವು ಹೋಗ್ತಿದ್ವು, ಹೊಟ್ಯಾಗಿನ ಮರೀನೂ ಹೋಗ್ತಿದ್ವು. ಯಾರದಾರ ಹೋಗಬೇಕಿತ್ತಲ್ಲ."

ಮುದುಕಪ್ಪ ಕೂಡಲಿಲ್ಲ.

ಹಟ್ಟಿಯಲ್ಲಿ ಒಂದು ರೂಢಿ ಇದೆ. ಒಬ್ಬನ ಕುರಿ ಹೋದರೆ ಪ್ರತಿ ಮನೆಯವರೂ ಅವನಿಗೆ ಎರಡೋ ಮೂರೋ ಹೆಣ್ಣು ಕುರಿ ಕೊಡುತ್ತಾರೆ. ಇದು ಮರಳಿ ಕೊಡುವಂಥದಲ್ಲ. ಆ ವಾರ ಉಳಿದವರು ಎರಡೆರಡು ಕೊಟ್ಟರು. ಮುದುಕಪ್ಪ ಹತ್ತು ಕೊಟ್ಟ, ಅದೂ ಗಬ್ಬದವನ್ನು ಆರಿಸಿ. ಹುಸೇನ್‌ಬೀ ಅವನ ಕಾಲು ಮುಟ್ಟಲು ಬಂದಳು. ಅವನು ಹಿಂದೆ ಸರಿದ. ಅದನ್ನು ಜನ ವಿನಯ ಎಂದುಕೊಂಡರು.

ಮುಂದಿನ ನಾಲ್ಕು ತಿಂಗಳು ಸಿಂಧನೂರಿನಿಂದ ಮಸ್ಕಿಯವರೆಗೆ ಕುರಿಗಾರರ ಬಾಯಲ್ಲಿ ಮುದುಕಪ್ಪನದೇ ಹೆಸರು. ಯಜಮಾನ ಅಂದರೆ ಹೀಗಿರಬೇಕು; ವಿಷದ ಹೊಲಕ್ಕೆ ಓಡಿ ಹೆಗಲ ಮೇಲೆ ಕುರಿ ಹೊತ್ತ; ಹತ್ತು ಕುರಿ ಕೊಟ್ಟ. ಯಾರ ಹಿಂಡು ಮೊದಲು ಇಳಿಯಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಮಲೀಕಸಾಬ ತಾನಾಗಿ ಇಳಿಸಿದ ಎಂಬುದು ಎಲ್ಲರ ಕಣ್ಣಮುಂದೆಯೇ ನಡೆದಿತ್ತಲ್ಲ. ಜನರಿಗೆ ಓಟ ಕಾಣುತ್ತದೆ, ಕೂತದ್ದು ಕಾಣುವುದಿಲ್ಲ. ನಾನು ಕೂಡ ಆ ದಿನ ಅವನ ಗೀರಿದ ಕೈ ನೋಡಿ ಒಳ್ಳೆಯ ಮನುಷ್ಯ ಎಂದುಕೊಂಡೇ ಮನೆಗೆ ಬಂದೆ.

ಶ್ರಾವಣದಲ್ಲಿ ಅವನು ಒಬ್ಬನೇ ಲಿಂಗಸುಗೂರಿಗೆ ಬಂದ. ಬೆಳಗಿನ ಬಸ್ಸಿಗೆ ಬಂದವನು ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಮಳೆಯ ಮಾತಾಡಿದ. ಇಳಿದುಹೋಗಿದ್ದ. ಸಕ್ಕರೆ ಕಾಯಿಲೆ ಇರಬೇಕು, ರಕ್ತ ಪರೀಕ್ಷೆ ಮಾಡಿಸು ಎಂದೆ.

"ಸಕ್ಕರಿ ಅಲ್ರಿ" ಎಂದ. ಆಮೇಲೆ ಎಲ್ಲ ಹೇಳಿದ. ಎರಡು ಮೂಲೆ, ಕಹಿ ಚಿಗುರು, ಸಂಚಿಯ ದಾರ.

"ಆಗ ನಿನಗೆ ಏನನ್ನಿಸಿತು?" ಎಂದು ಕೇಳಿದೆ.

"ಏನೂ ಅನಸಲಿಲ್ರಿ. ಅದನ್ನ ಹೇಳಾಕತ್ತೀನಿ. ಇವನ ಕುರಿ ಸಾಯಲಿ ಅನ್ನಲಿಲ್ಲ, ನನವು ಉಳೀಲಿ ಅನ್ನಲಿಲ್ಲ. ದಾರದ ಗಂಟು ಬಿಚ್ಚವಲ್ದು ಅನ್ನೂದೊಂದ ತಲಿಯಾಗಿತ್ತು. ಗಂಟು ಬಿಚ್ಚೂದರಾಗ ಅವನ ಕುರಿ ಹೊಲದಾಗಿದ್ವು."

ನಾನು ಅವನನ್ನು ನಂಬಿದೆ. ಮೂವತ್ತೈದು ವರ್ಷ ಕಚೇರಿಗಳಲ್ಲಿ ಇದ್ದವಳು ನಾನು. ದೊಡ್ಡ ಕೇಡುಗಳು ಹೆಚ್ಚಾಗಿ ಹೀಗೆಯೇ ಆದದ್ದನ್ನು ನೋಡಿದ್ದೇನೆ. ಯಾರೋ ಬೇರೆಯವರು ಮುಂದೆ ಬಂದು ನಾನು ಮಾಡುತ್ತೇನೆ ಎನ್ನುತ್ತಾರೆ, ಮಾಡಬೇಕಾದವನು ಕಾಗದ ಹುಡುಕುತ್ತಿರುತ್ತಾನೆ. ಆಮೇಲೆ ಅವನು ನಿರ್ಧಾರ ಮಾಡಿದ ಎಂದು ಯಾವ ಕಡತದಲ್ಲೂ ಸಿಗುವುದಿಲ್ಲ.

"ಮಲೀಕನಿಗೆ ಹೇಳ್ಲೇನ್ರಿ?" ಎಂದ. "ಎರಡು ತಿಂಗಳಿಗೆ ದೀವಳಿಗಿ. ಮತ್ತ ಅವ ನನ್ನ ಹಿಂದನ ಕುರಿ ಬಿಡತಾನ. ನನಗ ಹಿಂದ ತಿರುಗಿ ನೋಡಾಕ ಆಗಂಗಿಲ್ಲ."

"ಹೇಳು" ಎಂದೆ.

"ಹೇಳಿದ್ರ ಅವನ ಕುರಿ ಬರತಾವೇನ್ರಿ?"

"ಬರೋದಿಲ್ಲ. ಆದರೆ ಅವನಿಗೆ ತಿಳಿಯಬೇಕಾದ್ದು. ಯಾಕೆ ಸತ್ತವು ಅಂತ ಕುರಿಯ ಧಣಿಗೆ ಗೊತ್ತಾಗಬೇಕು. ಸುಳ್ಳಿನ ಮೇಲೆ ನೀನು ಯಜಮಾನಿಕೆ ಮಾಡೋದು ಸರಿಯಲ್ಲ."

ಯೋಚಿಸದೆ ಹೇಳಿದ ಮಾತಲ್ಲ ಅದು. ನನಗೆ ಸರಿ ಅನ್ನಿಸಿದ್ದನ್ನೇ ಹೇಳಿದೆ. ಅವನು ಎದ್ದು ಕೈಮುಗಿದು ಹೋದ. ಚಹಾ ಆರಿತ್ತು.

ಮುಂದಿನದನ್ನು ಮುದುಕಪ್ಪನೂ ಹೇಳಿದ್ದಾನೆ, ಹುಸೇನ್‌ಬೀಯೂ ಹೇಳಿದ್ದಾಳೆ. ಇಬ್ಬರ ಮಾತೂ ಒಂದೇ.

ಅವನು ಮರುದಿನ ಬೆಳಿಗ್ಗೆ ಮಲೀಕಸಾಬನ ಮನೆಗೆ ಹೋದ. ಮಲೀಕಸಾಬ ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಹುಸೇನ್‌ಬೀ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಬಾ ಅಣ್ಣಾ. ಏನ್ ಬೇ, ಚಾ ಇಡು. ಯಜಮಾನ್ರು ಬಂದಾರ, ಸಕ್ಕರಿ ಜಾಸ್ತಿ ಹಾಕು, ಇಲ್ಲಂದ್ರ ದೀವಳಿಗಿಗೆ ನಮ್ಮನ್ನ ಬಿಟ್ಟು ಹೋದಾರು."

ಮುದುಕಪ್ಪ ನಿಂತುಕೊಂಡೇ ಹೇಳಿದ. "ಮಲೀಕ, ಆ ಹೊಲ ನಾ ಜಗದು ನೋಡಿದ್ನಿ. ಕಹಿ ಇತ್ತು. ನನಗ ಗೊತ್ತಿತ್ತು. ನೀ ಇಳಸತೀನಿ ಅಂದಿ, ನಾ ಬ್ಯಾಡ ಅನ್ನಲಿಲ್ಲ."

ಮಲೀಕಸಾಬನ ಕೈ ಬಲೆಯ ಮೇಲೆ ನಿಂತಿತು. ಹುಸೇನ್‌ಬೀಯ ಮೊರವೂ ನಿಂತಿತು.

"ಗೊತ್ತೈತಿ" ಎಂದ ಮಲೀಕಸಾಬ.

"ಏನ್ ಗೊತ್ತೈತಿ?"

"ನೀ ಉಗುಳಿದ್ದು ನೋಡೀನಿ. ಎರಡನೇ ಮೂಲಿಯಾಗ ಮೂರು ಸರ್ತಿ ಉಗುಳಿದಿ."

"ನೋಡಿದ್ರ ಯಾಕ ಇಳಿಸಿದಿ?"

"ನೀ ಸುಮ್ಮನಿದ್ದೆಲ್ಲ ಅಣ್ಣಾ. ಕಹಿ ಇದ್ರ ಬ್ಯಾಡ ಅಂತಿದ್ದಿ. ನೀ ಸುಮ್ಮನಿದ್ದಿ ಅಂದಮ್ಯಾಲ ಏನೂ ಇಲ್ಲ ಅನಕೊಂಡೆ."

ಹುಸೇನ್‌ಬೀ ಎದ್ದು ಒಳಗೆ ಹೋದಳು.

"ಕುರಿ ಬಿದ್ದಾಗ ನನಗ ತಿಳೀತು" ಎಂದ ಮಲೀಕಸಾಬ. "ಆಮ್ಯಾಲ ನಾನ ನನಗ ಹೇಳಕೊಂಡೆ. ನಾ ದೂರದಾಗಿದ್ನಿ, ಸರಿ ಕಂಡಿಲ್ಲ. ಎಲಿಅಡಕಿ ಉಗುಳಿರಬೇಕು. ಆರು ತಿಂಗಳಾತು, ದಿನಾ ಹಂಗ ಹೇಳಕೋತ ಬಂದೀನಿ. ಇನ್ನೊಂದು ವರ್ಷ ಹೋಗಿದ್ರ ಅದ ಖರೆ ಆಗತಿತ್ತು. ನೀ ಯಾಕ ಹೇಳಾಕ ಬಂದಿ?"

"ಹೇಳಬೇಕು ಅನಸ್ತು."

"ನಿನಗ ಹಗರಾತು. ನನಗ?" ಮಲೀಕಸಾಬ ಬಲೆಯನ್ನು ಪಕ್ಕಕ್ಕಿಟ್ಟ. "ಹೇಳದಿದ್ರ ನಾ ನಿನ್ನ ಹಿಂದನ ಬರತಿದ್ದೆ ಅಣ್ಣಾ. ಈಗ ಹೆಂಗ ಬರಲಿ?"

ಅವನು ಕೂಗಲಿಲ್ಲ, ಬೈಯಲಿಲ್ಲ. ಹುಸೇನ್‌ಬೀ ಒಳಗಿಂದ ಚಹಾ ತಂದು ಇಬ್ಬರ ನಡುವೆ ಇಟ್ಟಳು. ಮುದುಕಪ್ಪ ಅದನ್ನು ಕುಡಿದು ಬಂದ. ಕುಡಿಯದೆ ಬರುವುದು ತಪ್ಪಾಗುತ್ತಿತ್ತು.

ನಾನು ಹೇಳಿದ ಮಾತಿನ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಸತ್ತದ್ದರ ಹೊಟ್ಟೆ ಕೊಯ್ದು, ಕಾರಣ ಬರೆದು, ಸಹಿ ಹಾಕಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಕಾರಣ ತಿಳಿದರೆ ಸಾಕು ಎಂಬುದು ಅಲ್ಲಿಂದ ಬಂದ ಅಭ್ಯಾಸ. ಬದುಕಿರುವ ಇಬ್ಬರ ನಡುವೆ ಅದೇ ಚಾಕು ಹಿಡಿದೆ. ಮಲೀಕಸಾಬ ಆರು ತಿಂಗಳು ಕಷ್ಟಪಟ್ಟು ತನ್ನ ಕಣ್ಣಿನ ಮೇಲೆಯೇ ಕಟ್ಟಿಕೊಂಡಿದ್ದ ಒಂದು ಅನುಮಾನ ಅವರಿಬ್ಬರನ್ನೂ ಹಿಡಿದಿಟ್ಟಿತ್ತು. ಅದು ನನಗೆ ಕಾಣಲಿಲ್ಲ, ನಾನು ಕೇಳಲೂ ಇಲ್ಲ. ಹೇಳಬಾರದಿತ್ತು ಎಂದೂ ನಾನು ಇವತ್ತು ಖಚಿತವಾಗಿ ಅನ್ನಲಾರೆ. ಹೇಳದಿದ್ದರೆ ಮುದುಕಪ್ಪ ಒಳಗೊಳಗೇ ಮುಗಿಯುತ್ತಿದ್ದ. ಆದರೆ "ಹೇಳು" ಎಂದವಳು ನಾನು, ಹೋದದ್ದು ಅವರದು. ನನ್ನ ಕುರಿ ಯಾವುದೂ ಆ ಹೊಲಕ್ಕೆ ಇಳಿದಿರಲಿಲ್ಲ.

ದೀಪಾವಳಿಗೆ ವಾರವಿರುವಾಗ ಮಲೀಕಸಾಬ ಮುದುಕಪ್ಪನ ಮನೆಗೆ ಬಂದ. ಇದನ್ನು ನನಗೆ ಹೇಳಿದವಳು ಕರೆಮ್ಮ. ಸಂಜೆ ಕುರಿ ತಿರುಗಿ ಬರುವ ಹೊತ್ತು. ಅವನು ಹತ್ತು ಕುರಿ ಮತ್ತು ಎಂಟು ಮರಿ ಹೊಡೆದುಕೊಂಡು ಬಂದಿದ್ದ. ಬೇಲಿಯ ಬಾಗಿಲು ತಾನೇ ತೆಗೆದು ಒಳಗೆ ಬಿಟ್ಟ.

"ಏನಪಾ ಮಲೀಕಣ್ಣ, ಇದೇನು? ಕೊಟ್ಟದ್ದು ತಿರುಗಿ ತರತಾರೇನು?" ಎಂದಳು ಕರೆಮ್ಮ. ಗಂಡ ಅವಳಿಗೆ ಆ ಹೊತ್ತಿನವರೆಗೂ ಏನೂ ಹೇಳಿರಲಿಲ್ಲ.

"ಮೇವಿಲ್ಲ ವೈನಿ. ನಮ್ಮ ಕಡೆ ಇಷ್ಟು ಸಾಕಾಕ ಆಗಂಗಿಲ್ಲ."

"ಮರಿ? ಮರಿ ನಿಮ್ಮನಿಯಾಗ ಹುಟ್ಯಾವ."

"ತಾಯಿ ಎಲ್ಲೈತೋ ಮರಿ ಅಲ್ಲಿರಬೇಕು. ಎರಡು ಮರಿ ಸತ್ತಾವ, ಕೆಮ್ಮು ಬಂದು. ಅವಕ್ಕ ನಾ ಜವಾಬ್ದಾರ."

ಉಳಿದವರು ಕೊಟ್ಟಿದ್ದ ಕುರಿಗಳನ್ನು ಅವನು ಇಟ್ಟುಕೊಂಡಿದ್ದ. ಹಿಂದಕ್ಕೆ ಬಂದವು ಮುದುಕಪ್ಪನವು ಮಾತ್ರ. ಕರೆಮ್ಮನಿಗೆ ಆಗ ಏನೋ ಇದೆ ಎಂದು ತಿಳಿಯಿತು. ಅವಳು ಗಂಡನ ಕಡೆ ನೋಡಿದಳು. ಮುದುಕಪ್ಪ ಬೇಲಿಯ ಆಚೆ ನಿಂತು ಬೇಡ ಎನ್ನಲೂ ಇಲ್ಲ, ತಾ ಎನ್ನಲೂ ಇಲ್ಲ.

ಆ ವರ್ಷ ಮಲೀಕಸಾಬ ಬೇರೆ ಹಟ್ಟಿಯ ಜೊತೆ ಹೋದ. ಅಲ್ಲಿ ಅವನು ಹೊಸಬ, ಎಲ್ಲರಿಗಿಂತ ಹಿಂದೆ. ಹೊಲಕ್ಕೆ ಕೊನೆಯಲ್ಲಿ ಇಳಿಯುವವನು, ಅಂದರೆ ಉಳಿದ ಕಡ್ಡಿ ಮೇಯಿಸುವವನು. ಹುಸೇನ್‌ಬೀ ಒಬ್ಬಳೇ ಒಲೆ ಹೂಡುತ್ತಾಳೆ. ಮುದುಕಪ್ಪನ ಹಟ್ಟಿಯವರು ಹೊರಡುವ ಬೆಳಿಗ್ಗೆ ಎಂದಿನಂತೆ ಅವನ ಮನೆಯ ಮುಂದೆ ಕುರಿ ತಂದು ನಿಲ್ಲಿಸಿದರು. ಅವರಿಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಮಲೀಕಸಾಬ ಹೇಳುವವನಲ್ಲ. ಮುದುಕಪ್ಪ ಬಾಗಿಲಿಗೆ ಬಂದು, ಮೊಣಕಾಲು ಸರಿಯಿಲ್ಲ, ನನ್ನ ಕುರೀನೂ ಕನಕರಾಜನೇ ಹೊಡೆದುಕೊಂಡು ಹೋಗಲಿ, ಅವನ ಹಿಂದೆ ಬಿಡಿ ಎಂದ.

"ನೀ ಇಲ್ದ ಹೆಂಗ ಮಾವ?" ಎಂದ ಕನಕರಾಜ. "ಗೊತ್ತಿಲ್ಲದ ಹೊಲ ಬಂದ್ರ ನಾ ಏನ್ ಮಾಡ್ಲಿ?"

"ನಿನ್ನವು ಮೊದಲು ಇಳಸು" ಎಂದ ಮುದುಕಪ್ಪ. "ಯಾರು ಏನಂದ್ರೂ ನಿನ್ನವ ಮೊದಲು."

ಕನಕರಾಜ ಕುರಿ ಹೊಡೆದ. ಒಬ್ಬೊಬ್ಬರಾಗಿ ಉಳಿದವರು ಅವನ ಹಿಂದೆ ಬಿಟ್ಟರು. ಮುದುಕಪ್ಪ ನೋಡುತ್ತ ನಿಲ್ಲಲಿಲ್ಲ, ಒಳಗೆ ಹೋಗಿ ಮಲಗಿದ ಎಂದು ಕರೆಮ್ಮ ಹೇಳಿದಳು. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದಾಗ ಅವನು ನಿದ್ದೆ ಮಾಡಿರಲಿಲ್ಲ.

ಕಳೆದ ತಿಂಗಳು ಮಸ್ಕಿಯಲ್ಲಿ ಅವರಿಬ್ಬರೂ ಎದುರಾದರಂತೆ, ಬಸ್ ನಿಲ್ದಾಣದಲ್ಲಿ. ಮಲೀಕಸಾಬ ಮೊಣಕಾಲು ಹೇಗಿದೆ ಎಂದು ಕೇಳಿದ. ಮುದುಕಪ್ಪ ಹಾಗೇ ಇದೆ ಎಂದ. ಮರಿಗಳು ದೊಡ್ಡವಾದವಾ ಎಂದು ಮಲೀಕಸಾಬ ಕೇಳಿದ. ಆಗ್ಯಾವ ಎಂದ ಮುದುಕಪ್ಪ. ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು, ಮಲೀಕಸಾಬ ಹತ್ತಿದ. ಮುದುಕಪ್ಪನೂ ಅದೇ ಬಸ್ಸಿಗೆ ಕಾಯುತ್ತಿದ್ದ. ಅವನು ಹತ್ತಲಿಲ್ಲ, ಮುಂದಿನ ಬಸ್ಸಿಗೆ ಹೋದ.